ನಾಲ್ಕು ಗಂಟೆಯ ಚಿಕಿತ್ಸೆ, ಇಡೀ ದಿನದ ಕೂಲಿ

ವಿಜಯಪುರದ ಪಶ್ಚಿಮಕ್ಕೆ, ಮಹಾರಾಷ್ಟ್ರದ ಗಡಿಯ ಸಮೀಪದಲ್ಲಿ ಕನಮಡಿ ಎಂಬ ಊರುಂಟು. ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ದುಡಿಯುವವನಿಗೆ ಎರಡೂ ಕೈ ಬೇಕು, ದಿನವಿಡೀ ಬೇಕು. ಅಂಥವನೊಬ್ಬನ ಮೂತ್ರಪಿಂಡಗಳೆರಡೂ ಸೋತವೆನ್ನಿ. ಆ ಮನೆಯ ಗತಿಯೇನು?

ಒಂದು ಕಾಲಕ್ಕೆ ಇದು ಮರಣದ ಕರೆಯೇ ಆಗಿದ್ದಿತು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನಲ್ಲಿ ನಳಿಗೆಯನ್ನು ಉಳಿಸಿ, ರಕ್ತವನ್ನು ಯಂತ್ರದಿಂದ ಮತ್ತೆ ಮತ್ತೆ ಶೋಧಿಸುವ ದಾರಿ ತೋರಿದರು. ಅವರ ಮೊದಲ ರೋಗಿ ಮತ್ತೆ 11 ವರ್ಷ ಬಾಳಿದನು.

ನಮ್ಮಲ್ಲಿಯೂ 2016ರಲ್ಲಿ ಸಾರಲಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತ. ಆದರೆ ದಿನಗಳು ಉಚಿತವಲ್ಲ! ವಾರಕ್ಕೆ ಎರಡು ಮೂರು ಬಾರಿ, ಬಾರಿಗೆ ಸುಮಾರು 4 ಗಂಟೆ. ಪ್ರಯಾಣ, ಸರದಿ, ಆಯಾಸ ಸೇರಿದರೆ ದಿನವೇ ಮುಗಿಯಿತು. ಜೊತೆಗೆ ಬಂದ ಹೆಂಡತಿಯ ಕೂಲಿಯೂ ಹೋಯಿತು. ಸೂಜಿಗಾಗಿ ಶಸ್ತ್ರಕ್ರಿಯೆಯಿಂದ ಅಣಿಗೊಳಿಸಿದ ತೋಳಿನಿಂದ ಭಾರವೆತ್ತುವಂತಿಲ್ಲ.

ರೋಗಿಯನ್ನು ಕೆಲಸದಿಂದ ಬಿಡಿಸುವುದೇ ದಯೆಯೆಂದು ಹಲವರು ಭಾವಿಸುವುದುಂಟು. ಅದು ಸಲ್ಲದು. ತೋಟದಲ್ಲಿ ಹಣ್ಣು ವಿಂಗಡಿಸುವ ಕೆಲಸ, ಕಚೇರಿಯಲ್ಲಿ ವೇಳೆಯ ಹೊಂದಾಣಿಕೆ, ಇಷ್ಟು ದೊರೆತರೂ ಅನೇಕರು ದುಡಿಯಬಲ್ಲರು. ವೈದ್ಯರು ಒಪ್ಪಿದರೆ, ಹೊಟ್ಟೆಯೊಳಗೆ ದ್ರಾವಣ ತುಂಬಿ ಬದಲಿಸುವ ವಿಧಾನವನ್ನು ಮನೆಯಲ್ಲಿಯೇ ಅನುಸರಿಸಬಹುದು.

ಓದುಗರೇ, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇದ್ದವರು ವರ್ಷಕ್ಕೊಮ್ಮೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಲಿ. ಮೂತ್ರಪಿಂಡವು ಸದ್ದಿಲ್ಲದೆ ಸೋಲುತ್ತದೆ. ಇಂದು ಕಳೆದ ಒಂದು ದಿನದ ಕೂಲಿ, ನಾಳೆಯ ನೂರಾರು ದಿನಗಳನ್ನು ಉಳಿಸೀತು.