ಸಾಲದವರ ಹೆಸರು ಕೊಟ್ಟರೆ ಕಮಿಷನ್!

ನವಲಗುಂದ ತಾಲೂಕಿನ ಹಳ್ಳಿಯೊಂದರ ಹುಡುಗ. ಊರಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಒಂದು ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ನನಗೆ ಫೋನ್ ಮಾಡಿದ.

"ಸರ್, ಮನೀ ಸಾಲ ಕಟ್ಟಾಕ ಆಗದವ್ರ ಹೆಸರು, ನಂಬರ್ ಕೊಟ್ರ ಒಬ್ಬರಿಗೆ ಎರಡು ಸಾವಿರ ಕೊಡ್ತೀವಿ ಅಂದ್ರಿ ಒಬ್ರು. ಸಾಲ ಅರ್ಧಕ್ಕ ಇಳಸ್ತಾರಂತ. ನಮ್ಮ ಓಣಿ ಅಕ್ಕಾರ ಹೆಸರು ಕೊಟ್ಟೆ. ಅವ್ರು ಎಂಟು ಸಾವಿರ ಫೀಸ್ ಕಟ್ಟಿದ್ರು. ಈಗ ಬ್ಯಾಂಕಿನ ನೋಟಿಸ್ ಬಂದೈತ್ರಿ. ಅವ್ರ ಮನೀ ಮುಂದ ಹಾಯಾಕ ನನಗ ಮಾರಿ ಇಲ್ರಿ."

ನಾನು ಆತನನ್ನು ಬೈಯಲಿಲ್ಲ. ಮಳೆ ಕೈಕೊಟ್ಟ ವರ್ಷ ಎರಡು ಸಾವಿರ ಯಾರಿಗೆ ಬೇಡ? ಆದರೆ ವೀಕ್ಷಕರೇ, ಈ ಎರಡು ಸಾವಿರ ಎಲ್ಲಿಂದ ಬಂತು? ಅಕ್ಕಾರು ಕಟ್ಟಿದ ಎಂಟು ಸಾವಿರದಿಂದಲೇ ಬಂತು. ಆ ಕಂಪನಿ ಖರೀದಿಸಿದ್ದು ಬರೀ ಫೋನ್ ನಂಬರ್ ಅಲ್ಲ, ಊರಲ್ಲಿ ಈ ಹುಡುಗನ ಮೇಲಿದ್ದ ನಂಬಿಕೆ.

ಇದು ಹೊಸ ಆಟವೇನಲ್ಲ. ಸಾಲ ಮನ್ನಾ ಮಾಡಿಸುತ್ತೇವೆ ಎಂದು ಜಾಹೀರಾತು ಕೊಟ್ಟು, ಫೀಸು ವಸೂಲಿ ಮಾಡಿ, ಅಧಿಕಾರವೇ ಇಲ್ಲದೆ 'ಸಾಲಮುಕ್ತಿ ಪ್ರಮಾಣಪತ್ರ' ಕೊಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 11ರಂದೇ ಎಚ್ಚರಿಕೆ ಕೊಟ್ಟಿದೆ. ಸಾಲದ ಷರತ್ತು ಬದಲಿಸುವ ಅಧಿಕಾರ ಸಾಲ ಕೊಟ್ಟ ಬ್ಯಾಂಕಿಗೆ ಮಾತ್ರ. ನಡುವಿನವನು ಹೆಚ್ಚೆಂದರೆ ಒಂದು ಅರ್ಜಿ ಬರೆದಾನು.

ಅಸಲಿ ಅಪಾಯ ಫೀಸಿನದಲ್ಲ, ದಿನಗಳದ್ದು. "ಕಂತು ಕಟ್ಟಬೇಡಿ, ಬ್ಯಾಂಕಿನವರ ಫೋನ್ ಎತ್ತಬೇಡಿ, ನಾವು ನೋಡ್ಕೋತೀವಿ" ಅಂತಾರೆ ಇವರು. ಕಂತು ಬಾಕಿ 90 ದಿನ ದಾಟಿದರೆ ಸಾಲ 'ಎನ್‌ಪಿಎ' ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಬರುತ್ತದೆ. ಅದೂ ಮುಗಿದರೆ ಬ್ಯಾಂಕು ಮನೆ ವಶಕ್ಕೆ ಪಡೆಯಲು ಹೊರಡಬಹುದು. ಈ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಆದರೆ ಅಡವಿಟ್ಟ ಮನೆಗೆ ಅನ್ವಯಿಸುತ್ತದೆ. ಅಕ್ಕಾರು ಪ್ರಮಾಣಪತ್ರ ನಂಬಿ ಕೂತ ಒಂದೊಂದು ದಿನವೂ ಈ ಲೆಕ್ಕದಲ್ಲಿ ಕಳೆದುಹೋಯಿತು.

ಹಾಗಾದರೆ ಏನು ಮಾಡಬೇಕು? ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬ್ಯಾಂಕು ಒಪ್ಪಲೇಬೇಕೆಂದಿಲ್ಲ, ಆದರೆ ಕೇಳಲು ಫೀಸಿಲ್ಲ. ನೋಟಿಸ್ ಬಂದಿದ್ದರೆ 60 ದಿನಗಳೊಳಗೆ ಆಕ್ಷೇಪಣೆ ಬರೆದುಕೊಡಿ. ಬ್ಯಾಂಕು ಅದನ್ನು ತಳ್ಳಿಹಾಕುವುದಾದರೆ 15 ದಿನಗಳಲ್ಲಿ ಕಾರಣ ತಿಳಿಸಬೇಕು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಅದು ಉಚಿತ. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೂ ಕೋರ್ಟ್ ಶುಲ್ಕವಿಲ್ಲ.

ಇನ್ನು ಹುಡುಗನಿಗೆ ನಾನು ಹೇಳಿದ್ದಿಷ್ಟು: "ಕಮಿಷನ್ ತಪ್ಪಲ್ಲಪ್ಪ, ಮುಚ್ಚಿಟ್ಟ ಕಮಿಷನ್ ತಪ್ಪು. ನನಗಿಷ್ಟು ಸಿಗುತ್ತದೆ ಎಂದು ಅಕ್ಕಾರ ಮುಂದೆ ಹೇಳಲು ಆಗುತ್ತಿತ್ತಾ? ಇಲ್ಲ ಅಂದ್ರೆ ಆ ದುಡ್ಡು ಬೇಡ. ನಾಳೆ ಅವರ ಮನೆಗೆ ಹೋಗು, ನೋಟಿಸಿನ ತಾರೀಖು ನೋಡು, ಆಕ್ಷೇಪಣೆ ಟೈಪ್ ಮಾಡಿಕೊಡು. ಉಳಿದವರಿಗೆ ಟೈಪಿಂಗ್‌ನ ದುಡ್ಡು ತೊಗೊ. ಅದು ನಿನ್ನ ಕಸುಬು."

ಮರುದಿನ ಮೆಸೇಜ್ ಬಂತು. ನೋಟಿಸಿಗೆ ಇನ್ನೂ 19 ದಿನ ಬಾಕಿ ಇತ್ತು.

1980ರ ಜುಲೈನಲ್ಲಿ ಇದೇ ನವಲಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ವಿರುದ್ಧ ಬೀದಿಗಿಳಿದರು. ಗೋಲಿಬಾರ್ ಆಯಿತು, ಜೀವಗಳು ಹೋದವು. ಹೊಲಕ್ಕೆ ಸರಿಯಾಗಿ ಬಾರದ ನೀರಿಗೆ ದುಡ್ಡು ಯಾಕೆ ಅಂತ ಕೇಳಿದ ನೆಲ ಅದು. ಬಾರದ ಪರಿಹಾರಕ್ಕೆ ಫೀಸು ಯಾಕೆ ಅಂತ ಈಗಲೂ ಕೇಳಲೇಬೇಕು.