ಅಪ್ಪ ಕೊಡದಿದ್ದರೆ ಯಾರು ಕೊಡಬೇಕು?

ಮೂಡುಬಿದಿರೆ ಹತ್ತಿರದ ಶಿರ್ತಾಡಿಯ ಆಸುಪಾಸಿನಲ್ಲಿ ಗಂಡ ಬಿಟ್ಟುಹೋದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಬರುವುದು ತಾಯಿಮನೆಗೆ. ಇದು ಬರೀ ಕರುಣೆಯ ಆಸರೆಯಲ್ಲ, ಒಂದು ಕಾಲದಲ್ಲಿ ಹಕ್ಕೇ ಆಗಿತ್ತು. ಮೂಡುಬಿದಿರೆಯ ಚೌಟ ಅರಸರಿಂದ ಹಿಡಿದು ಬಂಟರು, ಬಿಲ್ಲವರವರೆಗೆ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ, ನಡೆದ ನೆಲವಿದು. ಅದರಲ್ಲಿ ಮಕ್ಕಳು ತಾಯಿಯ ಕುಟುಂಬದವರು. ದಾಂಪತ್ಯ ಮುರಿದರೂ ಅವರ ಊಟಕ್ಕೆ ಕುತ್ತು ಬರುತ್ತಿರಲಿಲ್ಲ. ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ ಆಗಿತ್ತು ಎಂಬುದನ್ನು ಮರೆತು ಆ ಕಾಲವನ್ನು ನಾನು ಹೊಗಳಲಾರೆ. 1949ರ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ತೆರೆಯಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಕೂಡುಕುಟುಂಬದ ಆಸ್ತಿ ಹಂಚಿಹೋಯಿತು.

ಆಮೇಲೆ ಎಷ್ಟೋ ತಾಯಂದಿರ ಕೈಹಿಡಿದದ್ದು ಬೀಡಿ. ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಸಾವಿರದ ಲೆಕ್ಕದಲ್ಲಿ ಮಜೂರಿ. ಬೆನ್ನುನೋವು, ಕೆಮ್ಮು ಬೇರೆ. ಆದರೂ ಆ ಹಣ ಅವಳದೇ ಕೈಗೆ ಬರುತ್ತಿತ್ತು. ಮಕ್ಕಳ ಶಾಲೆಯ ಖರ್ಚು ಅದರಲ್ಲೇ ನಡೆಯುತ್ತಿತ್ತು. ಈಗ ಬೀಡಿಯ ಕೆಲಸವೂ ಇಳಿಮುಖ.

ಇನ್ನು ರಾಜ್ಯ ಸರಕಾರದ ನೆರವು. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ. ತವರಿಗೆ ಬಂದವಳ ಹೆಸರು ಅಮ್ಮನ ಚೀಟಿಯಲ್ಲಿದ್ದರೆ ಯಜಮಾನಿ ಅಮ್ಮನೇ. ವಿಧವಾ ವೇತನಕ್ಕೆ ಗಂಡ ಸತ್ತಿರಬೇಕು. ಮನಸ್ವಿನಿ ಯೋಜನೆಯ 800 ರೂಪಾಯಿ 40ರಿಂದ 64 ವರ್ಷದ ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ. ಮೂವತ್ತರ ಪ್ರಾಯದಲ್ಲಿ, ವಿಚ್ಛೇದನವೂ ಆಗದೆ, ಎರಡು ಮಕ್ಕಳೊಂದಿಗೆ ಉಳಿದವಳು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅತಿ ಹೆಚ್ಚು ಖರ್ಚಿನ ವರ್ಷಗಳು ಅವಳವೇ!

ಇಂಥ ತಾಯಂದಿರ ಮಕ್ಕಳಿಗಾಗಿ ಸ್ವೀಡನ್ 1937ರಲ್ಲೇ ಕಾನೂನು ಮಾಡಿತು: ಅಪ್ಪ ಜೀವನಾಂಶ ಕೊಡದಿದ್ದರೆ ಸರಕಾರ ಮೊದಲು ಮಗುವಿಗೆ ಕೊಡುತ್ತದೆ, ಆಮೇಲೆ ಅವನಿಂದ ವಸೂಲು ಮಾಡುತ್ತದೆ. ಜರ್ಮನಿಯಲ್ಲೂ 1980ರಿಂದ ಹೀಗೇ; 2017ರಲ್ಲಿ ಅದನ್ನು 18 ವರ್ಷದವರೆಗೆ ವಿಸ್ತರಿಸಿದರು. ಅಮೆರಿಕ 2021ರಲ್ಲಿ ಮಕ್ಕಳಿರುವ ಮನೆಗಳಿಗೆ ನೇರ ಹಣ ಹೆಚ್ಚಿಸಿದಾಗ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು, ಆ ನೆರವು ನಿಂತ ಮರುವರ್ಷ ಶೇ. 12.4ಕ್ಕೆ ಏರಿತು. ಒಂದೇ ವರ್ಷದಲ್ಲಿ ತಾಯಂದಿರು ಸೋಮಾರಿಗಳಾದರೇ?

ನಮ್ಮಲ್ಲಿ ನ್ಯಾಯಾಲಯ ಜೀವನಾಂಶ ಮಂಜೂರು ಮಾಡಿದ ಮೇಲೂ ವಸೂಲಿಗೆ ಅಲೆಯಬೇಕಾದವಳು ಅವಳೇ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಗಂಡನ ವಿಳಾಸ ಹುಡುಕುವುದು ಬೀಡಿ ಕಟ್ಟುವವಳಿಗೆ ಆಗದ ಕೆಲಸ, ಸರಕಾರಕ್ಕೆ ಆಗುವ ಕೆಲಸ. ತಿಂಗಳು ತಿಂಗಳು ಖಾತೆಗೆ ಹಣ ಹಾಕುವ ವ್ಯವಸ್ಥೆ ಕರ್ನಾಟಕದಲ್ಲಿ ಈಗಾಗಲೇ ಇದೆ. ಕೋರ್ಟು ನಿಗದಿ ಮಾಡಿದ ಜೀವನಾಂಶವನ್ನು ಸರಕಾರ ಅದೇ ರೀತಿ ಅವಳ ಖಾತೆಗೆ ಮೊದಲು ಹಾಕಲಿ, ಗಂಡನ ಬೆನ್ನುಹತ್ತುವುದನ್ನು ತಹಶೀಲ್ದಾರರಿಗೆ ಬಿಡಲಿ.