ಮಾರಿದ ಮೇಲೆ ಕಾರು ಯಾರದು?

ದನದ ಜಾತ್ರೆಯಲ್ಲಿ ವ್ಯಾಪಾರ ಕುದುರಿದೊಡನೆ ಮಾರಿದವನು ಹಗ್ಗವನ್ನು ಕೊಂಡವನ ಕೈಗೆ ಕೊಡುತ್ತಾನೆ. ಆ ಗಳಿಗೆಯಿಂದ ಎತ್ತು ಅವನದಲ್ಲ. ಅದು ಯಾರ ಹೊಲಕ್ಕೆ ನುಗ್ಗಿದರೂ ಜವಾಬು ಹೇಳಬೇಕಾದವನು ಹೊಸ ಯಜಮಾನ. ನಮ್ಮಲ್ಲಿ ಬಹುಮಂದಿ ಕಾರನ್ನೂ ಹೀಗೆಯೇ ಮಾರುತ್ತಾರೆ. ಹಣ ಕೈಸೇರಿತು, ಒಂದೆರಡು ಕಾಗದಕ್ಕೆ ಸಹಿ ಬಿದ್ದಿತು, ಬೀಗದ ಕೈ ಹಗ್ಗದಂತೆ ಕೈ ಬದಲಿಸಿತು. ಅಲ್ಲಿಗೆ ಋಣ ಹರಿಯಿತೆಂದು ತಿಳಿಯುತ್ತಾರೆ. ಆದರೆ ಕಾನೂನಿನ ಕಣ್ಣಿಗೆ ಆ ಕಾರು ಇನ್ನೂ ಹಳೆಯ ಕೊಟ್ಟಿಗೆಯಲ್ಲಿಯೇ ಇದೆ.

1988ರ ಮೋಟಾರು ವಾಹನ ಅಧಿನಿಯಮದಂತೆ, ಸಾಮಾನ್ಯವಾಗಿ, ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆತನೇ ಅದರ ಒಡೆಯ. ಇದು ಬರಿಯ ಮಾತಿನ ಸೂಕ್ಷ್ಮವಲ್ಲ. ಉತ್ತರ ಭಾರತದಲ್ಲಿ ಒಬ್ಬಾತ 2007ರಲ್ಲಿ ತನ್ನ ಕಾರನ್ನು ಮಾರಿದ. ಅದು ಒಬ್ಬರಿಂದ ಒಬ್ಬರಿಗೆ ಕೈದಾಟುತ್ತ ಹೋಯಿತು. ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಆ ಕಾರಿನಿಂದಾದ ಅಪಘಾತದಲ್ಲಿ ಒಂದು ಜೀವ ಹೋಯಿತು. ಪರಿಹಾರದ ಹೊಣೆ ಕೊನೆಯಲ್ಲಿ ಕೊಂಡವನದೆಂದು ಪಂಜಾಬು-ಹರಿಯಾಣಾ ಹೈಕೋರ್ಟು ಹೇಳಿತು. ಆದರೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ರಿಜಿಸ್ಟರಿನಲ್ಲಿ ಹೆಸರಿದ್ದ ಮೊದಲಿನವನೇ ಹೊಣೆಗಾರನೆಂದು ತೀರ್ಪಿತ್ತಿತು. ಅಪಘಾತದ ಹೊತ್ತಿಗೆ ಆತ ಕಾರನ್ನು ಕೊಟ್ಟು ಸುಮಾರು ಎರಡು ವರ್ಷ ಕಳೆದಿದ್ದವು! ನೊಂದವರು ನಿಜವಾದ ಯಜಮಾನನನ್ನು ಹುಡುಕುತ್ತ ಮನೆಯಿಂದ ಮನೆಗೆ ಅಲೆಯಬಾರದೆಂಬುದೇ ಇದರ ಹಿಂದಿನ ನ್ಯಾಯ. ಕಠಿನವೆನಿಸಿದರೂ ಒಪ್ಪತಕ್ಕ ನ್ಯಾಯವೇ.

ಹಾಗಾದರೆ ಹೆಸರು ಬದಲಾಗಲು ತಡೆಯೇನು? ಬಹುಮಟ್ಟಿಗೆ ತೆರಿಗೆ. ಬಾಕಿ ಇರುವ ವಾಹನದ ವರ್ಗಾವಣೆ ಸಾರಿಗೆ ಕಚೇರಿಯಲ್ಲಿ ಮುಂದುವರಿಯುವುದಿಲ್ಲ. ಕರ್ನಾಟಕದಲ್ಲಿ ಸ್ವಂತ ಕಾರಿಗೆ ಕೊಳ್ಳುವಾಗಲೇ ಜೀವಾವಧಿ ತೆರಿಗೆ ಕಟ್ಟುವುದುಂಟು. ‘ಜೀವಾವಧಿ’ ಎಂದೊಡನೆ ನಮಗೆ ಸೆರೆಮನೆಯೇ ನೆನಪಾಗುತ್ತದೆ. ಇಲ್ಲಿ ಯಾರ ಜೀವದ ಅವಧಿ ಎಂಬುದನ್ನು ಮಾತ್ರ ಬಿಡಿಸಿಕೊಳ್ಳಬೇಕು: ವಾಹನದ್ದು, ಒಡೆಯನದಲ್ಲ. ಆದ್ದರಿಂದ ಕಾರು ರಾಜ್ಯದೊಳಗೇ ಮಾರಾಟವಾದರೆ ಆ ತೆರಿಗೆ ಕಾರಿನ ಜೊತೆಗೇ ಹೋಗುತ್ತದೆ. ಕೊಂಡವನು ಮತ್ತೆ ಕಟ್ಟಬೇಕಿಲ್ಲ, ಮಾರಿದವನಿಗೆ ಮರಳುವುದೂ ಇಲ್ಲ. ಬೆಲೆ ಗೊತ್ತುಮಾಡುವಾಗ ಇದನ್ನು ಎಣಿಕೆಗೆ ತಂದುಕೊಳ್ಳುವವರು ವಿರಳ.

ಕಾರು ಗಡಿ ದಾಟಿ ಹೊರರಾಜ್ಯದಲ್ಲಿ ನೆಲೆಸುವುದಾದರೆ ಲೆಕ್ಕವೇ ಬೇರೆ. ಆಗ ಇಲ್ಲಿಯ ಕಚೇರಿ ಬಾಕಿಗಳನ್ನು ನೋಡಿ, 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಕೊಡಬೇಕು. ಅಲ್ಲಿ ಹೊಸದಾಗಿ ತೆರಿಗೆ ಕಟ್ಟಿ ನೋಂದಣಿ ಮಾಡಿಸಿದ ಮೇಲೆ, ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಬಳಸಿದ ವರ್ಷಗಳ ಪಾಲನ್ನು ಕಳೆದು ಉಳಿದದ್ದನ್ನು ಹಿಂದಕ್ಕೆ ಕೇಳಬಹುದು. ಆದರೆ ಅಲ್ಲಿಯ ನೋಂದಣಿಯ ಪುರಾವೆ ಕೊಂಡವನ ಕೈಯಲ್ಲಿರುತ್ತದೆ! ಕಾರು ಹೋದ ಮೇಲೆ ಆ ಪ್ರತಿಗಾಗಿ ಬೇಡುವುದಕ್ಕಿಂತ, ಅದನ್ನು ಕಳುಹಿಸತಕ್ಕದ್ದೆಂದು ಮಾರಾಟದ ಕರಾರಿನಲ್ಲಿಯೇ ಬರೆಯಿಸಿಕೊಳ್ಳುವುದು ಜಾಣತನ. ಮರುಪಾವತಿ ಯಾರಿಗೆ ಸೇರಬೇಕೆಂಬ ಮಾತೂ ಅಲ್ಲಿಯೇ ಇತ್ಯರ್ಥವಾಗಲಿ.

ತೆರಿಗೆಯ ಜೊತೆಗೆ ಇತರ ಗಂಟುಗಳೂ ಇವೆ. ಬ್ಯಾಂಕಿನ ಸಾಲ ತೀರಿ ಎಷ್ಟೋ ಕಾಲವಾಗಿರುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ಬ್ಯಾಂಕಿನ ಹೆಸರು ಹಾಗೆಯೇ ಕುಳಿತಿರುತ್ತದೆ. ಬ್ಯಾಂಕಿನ ಪತ್ರವನ್ನೂ 35ನೆಯ ನಮೂನೆಯನ್ನೂ ಸಲ್ಲಿಸಿ ಅದನ್ನು ತೆಗೆಸಬೇಕು. ಪೊಲೀಸರ ದಂಡಗಳನ್ನು ಕಟ್ಟಿ ರಸೀದಿ ಇರಿಸಿಕೊಳ್ಳಬೇಕು. ಕಾರಿಗೆ 15 ವರ್ಷ ತುಂಬಿದ್ದರೆ ನೋಂದಣಿಯ ನವೀಕರಣವೇ ಮೊದಲು.

ಅನಂತರ 29 ಮತ್ತು 30ನೆಯ ನಮೂನೆಗಳು. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ನೋಂದಣಿ ಕಚೇರಿಗೆ ವರದಿ ಮಾಡಬೇಕು. ಕೊಂಡವನಿಗೆ 30 ದಿನಗಳ ಅವಕಾಶ. ದಿನಾಂಕವನ್ನೂ ಕೊಳ್ಳುವವನ ಹೆಸರನ್ನೂ ಖಾಲಿ ಬಿಟ್ಟು ಸಹಿ ಹಾಕಿಕೊಡಿರೆಂದು ದಲ್ಲಾಳಿ ಕೇಳುವುದು ಇಲ್ಲಿಯೇ. ತಾನು ಕೊಂಡುದನ್ನು ತನ್ನ ಹೆಸರಿಗೆ ಮಾಡಿಸದೆ ಮೂರನೆಯವನಿಗೆ ದಾಟಿಸುವ ಉಪಾಯವದು. ಖಾಲಿ ಕಾಗದಕ್ಕೆ ಬೀಳುವ ಸಹಿ ಖಾಲಿ ಚೆಕ್ಕಿಗಿಂತಲೂ ಅಪಾಯದ್ದು: ಚೆಕ್ಕಿನ ನಷ್ಟಕ್ಕೆ ಬ್ಯಾಂಕಿನಲ್ಲಿರುವ ಹಣದ ಮಿತಿಯಾದರೂ ಉಂಟು. ಅಧಿಕೃತ ವ್ಯಾಪಾರಿಗೆ ಕಾರನ್ನು ಒಪ್ಪಿಸಿದಾಗ ಅದನ್ನು ಕಚೇರಿಗೆ ತಿಳಿಸುವ ಬೇರೆ ಕ್ರಮವೇ 2023ರ ಏಪ್ರಿಲಿನಿಂದ ಜಾರಿಗೆ ಬಂದಿದೆ; ವ್ಯಾಪಾರಿಗೆ ಆ ಅಧಿಕಾರಪತ್ರವಿದೆಯೇ ಎಂದು ಕೇಳಲು ಸಂಕೋಚ ಬೇಡ.

ಹೆಸರು ಬದಲಾಯಿತೇ ಎಂಬುದನ್ನು ಕೊಂಡವನ ಬಾಯಿಂದ ಕೇಳಿ ಸುಮ್ಮನಾಗಬೇಕಾಗಿಲ್ಲ. ಕೇಂದ್ರ ಸರ್ಕಾರದ ‘ವಾಹನ್’ ತಾಣದಲ್ಲಿ ಮನೆಯಲ್ಲಿ ಕುಳಿತೇ ನೋಡಬಹುದು. ಲಿಖಿತ ಪುರಾವೆ ಬೇಕೆನ್ನುವವರು ಸಾರಿಗೆ ಕಚೇರಿಯಿಂದ ‘ಬಿ’ ರಿಜಿಸ್ಟರಿನ ನಕಲನ್ನು ಪಡೆಯಬಹುದು. ಅದರಲ್ಲಿ ಹೊಸ ಹೆಸರು ಕಾಣುವವರೆಗೆ ಸಹಿ ಮಾಡಿದ ನಮೂನೆಗಳ ಪ್ರತಿ, ಹಣ ಬಂದ ರಸೀದಿ, ಕಾರು ಒಪ್ಪಿಸಿದ ದಿನ ಮತ್ತು ವೇಳೆಯನ್ನು ಬರೆದ ಚೀಟಿ, ಇವಿಷ್ಟನ್ನೂ ಒಂದೇ ಕಡತದಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟಿರಬೇಕು.